ಎಲ್ಲರ ತಲೆಗೂ ಒಂದು ಕಿರೀಟ: ರಾಜಕುಮಾರಿ ಹುಟ್ಟುಹಬ್ಬದ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ್ದು. ಮಗಳು ರಾಜಕುಮಾರಿ ಪಾರ್ಟಿ ಕೇಳಿದ್ದಾಳೆ, ಅಲಂಕಾರ ಹೇಗಿರಬೇಕು ಅಂತ ಗೊತ್ತಿದೆ, ಆದರೆ ಬಂದ ಮಕ್ಕಳಿಗೆ ಏನು ಆಡಿಸೋದು? ಅವುಗಳಲ್ಲಿ ಎಂಟು ಪತ್ರಗಳನ್ನು ಆರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮಗಳಿಗೆ ಮುಂದಿನ ತಿಂಗಳು 5 ವರ್ಷ ತುಂಬುತ್ತದೆ. ಅವಳ ಕ್ಲಾಸಿನ 12 ಮಕ್ಕಳನ್ನು ಕರೆದಿದ್ದೇವೆ. ಬಲೂನು, ಪರದೆ, ಕೇಕು ಎಲ್ಲ ಯೋಚನೆ ಮಾಡಿಟ್ಟಿದ್ದೇನೆ. ಅಷ್ಟೂ ಮಕ್ಕಳನ್ನು ಎರಡು ಗಂಟೆ ಹೇಗೆ ಸಂಭಾಳಿಸಲಿ ಅಂತ ನೆನೆಸಿಕೊಂಡರೆ ಕೈಕಾಲು ಆಡುತ್ತಿಲ್ಲ. ನಮ್ಮ ಹಾಲ್ ಕೂಡ ದೊಡ್ಡದಿಲ್ಲ.

ಉತ್ತರ: ಮಕ್ಕಳು ಪರದೆ, ಬಲೂನು ನೋಡುವುದು ಒಂದೇ ನಿಮಿಷ. ಆಮೇಲೆ ಕೈಗೆ ಕೆಲಸ ಬೇಕು, ಕಾಲಿಗೆ ಓಟ ಬೇಕು. ನೀವು ಅದನ್ನು ಮೊದಲೇ ಯೋಚಿಸುತ್ತಿದ್ದೀರಲ್ಲ, ಒಳ್ಳೆಯದಾಯಿತು.

ಎರಡು ಗಂಟೆ ಸರಿಯಾಗಿದೆ, ಅದಕ್ಕಿಂತ ಉದ್ದ ಮಾಡಬೇಡಿ. ಈ ವಯಸ್ಸಿನವರು ಒಂದು ಆಟದಲ್ಲಿ 10ರಿಂದ 15 ನಿಮಿಷ ಮನಸ್ಸಿಟ್ಟು ಇರುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಹಾಗಾಗಿ ಐದು ಚಟುವಟಿಕೆ ಸಾಕು. ಎರಡನ್ನು ಹೆಚ್ಚುವರಿ ಇಟ್ಟುಕೊಳ್ಳಿ, ಯಾವುದೋ ಒಂದು ಮಕ್ಕಳಿಗೆ ಹಿಡಿಸದೆ ಎರಡೇ ನಿಮಿಷಕ್ಕೆ ಮುಗಿದುಹೋಗುವುದು ಇದ್ದೇ ಇರುತ್ತದೆ.

ಮೊದಲನೆಯದು ಕಿರೀಟ ಮಾಡುವುದು. ಎಲ್ಲರೂ ಒಂದೇ ಸಲಕ್ಕೆ ಬರುವುದಿಲ್ಲ, ಅಲ್ವಾ? ಒಬ್ಬರು ಹತ್ತು ನಿಮಿಷ ಮುಂಚೆ, ಇನ್ನೊಬ್ಬರು ಇಪ್ಪತ್ತು ನಿಮಿಷ ತಡ. ಬಂದವರು ಬಂದಹಾಗೆ ಕೂತು ಮಾಡುವ ಕೆಲಸ ಇದ್ದರೆ ಯಾರೂ ಬಾಗಿಲಲ್ಲಿ ಅಮ್ಮನ ಸೆರಗು ಹಿಡಿದು ನಿಲ್ಲುವುದಿಲ್ಲ. ಇದರಲ್ಲಿ ಒಂದು ಸುಲಭದ ಲೆಕ್ಕ ಇದೆ, ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಚಾರ್ಟ್ ಪೇಪರ್ ಸಾಮಾನ್ಯವಾಗಿ 56 ಸೆಂ.ಮೀ. ಅಗಲ, 71 ಸೆಂ.ಮೀ. ಉದ್ದ ಇರುತ್ತದೆ. ಅದನ್ನು ಉದ್ದುದ್ದಕ್ಕೆ 15 ಸೆಂ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿ, ಒಂದು ಹಾಳೆಗೆ 3 ಪಟ್ಟಿ ಸಿಗುತ್ತದೆ. ಪ್ರತಿ ಪಟ್ಟಿಯ ಮೇಲೆ 5 ಸೆಂ.ಮೀ.ಗೆ ಒಂದು, 10 ಸೆಂ.ಮೀ.ಗೆ ಒಂದು ಗೆರೆ ಎಳೆದುಕೊಂಡು, ಆ ಎರಡು ಗೆರೆಗಳ ನಡುವೆ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ ಕತ್ತರಿಸುತ್ತಾ ಹೋದರೆ ಒಂದು ಪಟ್ಟಿಯಿಂದ ಎರಡು ಕಿರೀಟ ಬರುತ್ತದೆ, ಒಂದು ಚೂರು ಕಾಗದವೂ ಹಾಳಾಗುವುದಿಲ್ಲ. ಒಂದು ಹಾಳೆಗೆ 6 ಕಿರೀಟ. ನಿಮ್ಮಲ್ಲಿ 12 ಮಕ್ಕಳು, ಜೊತೆಗೆ ನಿಮ್ಮ ಮಗಳು, ಒಟ್ಟು 13. ಮೂರು ಹಾಳೆ ತಂದರೆ ತಮ್ಮನನ್ನೋ ತಂಗಿಯನ್ನೋ ಕರೆದುಕೊಂಡು ಬಂದವರಿಗೂ ಆಗುತ್ತದೆ. ಐದು ವರ್ಷದ ಮಗುವಿನ ತಲೆ ಸುತ್ತಳತೆ 50 ಸೆಂ.ಮೀ. ಆಸುಪಾಸು ಇರುತ್ತದೆ, ಆದ್ದರಿಂದ 71 ಸೆಂ.ಮೀ. ಪಟ್ಟಿ ಧಾರಾಳ.

ಕತ್ತರಿಸುವ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿಡಿ. ಮಕ್ಕಳ ಪಾಲಿಗೆ ಬಣ್ಣ, ಸ್ಟಿಕರ್ ಇರಲಿ. ಗೋಂದು ಬೇಡ. ಒಣಗುವುದಕ್ಕೆ ಕಾಯುವ ತಾಳ್ಮೆ ಆ ದಿನ ಯಾರಿಗೂ ಇರುವುದಿಲ್ಲ, ಒದ್ದೆ ಕಿರೀಟ ಕೂದಲಿಗೆ ಅಂಟಿಕೊಂಡರೆ ಅಳು ಶುರು. ಪಟ್ಟಿ ಚಪ್ಪಟೆಯಾಗಿ ಇರುವಾಗಲೇ ಬಣ್ಣ ಹಾಕಿಸಿ, ಆಮೇಲೆ ತಲೆಗೆ ಸುತ್ತಿ ಅಳತೆ ನೋಡಿ ಟೇಪ್ ಹಾಕಿ. ಸ್ಟೇಪ್ಲರ್ ಪಿನ್ ಹಣೆಗೆ ಚುಚ್ಚುತ್ತದೆ, ಹಾಗಾಗಿ ಟೇಪೇ ಮೇಲು. ಒಳಗಡೆ ಮಗುವಿನ ಹೆಸರು ಬರೆದುಬಿಡಿ. ಹೊರಡುವಾಗ ಯಾರ ಕಿರೀಟ ಯಾವುದು ಅಂತ ಜಗಳ ಆಗುವುದಿಲ್ಲ.

ಎಲ್ಲರೂ ಬಂದ ಮೇಲೆ ಓಡುವ ಕುಣಿಯುವ ಆಟ. ಹಾಡು ಹಾಕಿ, ನಿಲ್ಲಿಸಿದಾಗ ಎಲ್ಲರೂ ಅರಮನೆಯ ಕಲ್ಲಿನ ಗೊಂಬೆ ಆಗಬೇಕು. ಅಲ್ಲಾಡಿದವರನ್ನು ಹೊರಗೆ ಕಳಿಸಬೇಡಿ, ಮತ್ತೆ ಹಾಡು ಹಾಕಿ. ಪ್ರತಿ ಸಲ ಬೇರೆ ಥರ ಕುಣಿಸಿ: ಒಂದು ಸಲ ಕುದುರೆಯ ಹಾಗೆ, ಇನ್ನೊಂದು ಸಲ ಕಪ್ಪೆಯ ಹಾಗೆ, ಮತ್ತೊಂದು ಸಲ ತುಂಬಿದ ಕೊಡ ಹೊತ್ತವರ ಹಾಗೆ ಮೆಲ್ಲಗೆ.

ಮೂರನೆಯದು ರಾಜಾಜ್ಞೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಆಟ ಇದೇ, ಖರ್ಚು ಏನೂ ಇಲ್ಲ. ಒಂದು ಕುರ್ಚಿಗೆ ಚಂದದ ಬಟ್ಟೆ ಹೊದಿಸಿ ಸಿಂಹಾಸನ ಮಾಡಿ. ಒಂದೊಂದು ಮಗುವೂ ಅದರ ಮೇಲೆ ಕೂತು ಒಂದು ಆಜ್ಞೆ ಕೊಡಬೇಕು, ಉಳಿದವರೆಲ್ಲ ಪಾಲಿಸಬೇಕು. "ಎಲ್ಲರೂ ಬೆಕ್ಕಿನ ಹಾಗೆ ಕೂಗಿ", "ಎಲ್ಲರೂ ಒಂಟಿ ಕಾಲಲ್ಲಿ ನಿಲ್ಲಿ". ಅಪ್ಪ ಅಮ್ಮಂದಿರೂ ಪಾಲಿಸಬೇಕು ಅಂತ ಮೊದಲೇ ಹೇಳಿಬಿಡಿ. ಮನೆಯಲ್ಲಿ ದಿನವಿಡೀ ಇನ್ನೊಬ್ಬರ ಮಾತು ಕೇಳಿಕೊಂಡಿರುವ ಪುಟ್ಟ ಮಗುವಿಗೆ ಅರ್ಧ ನಿಮಿಷ ಎಲ್ಲರೂ ತನ್ನ ಮಾತು ಕೇಳಿದರು ಅನ್ನುವ ಖುಷಿ ಎಂಥದ್ದು ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತದೆ.

ಆಮೇಲೆ ಸ್ವಲ್ಪ ಸದ್ದು ಇಳಿಸಬೇಕು. ಅದಕ್ಕೆ ಮಲಗಿದ ಡ್ರ್ಯಾಗನ್. ಒಂದು ಮಗು ಕಣ್ಣು ಮುಚ್ಚಿ ನಡುವೆ ಕೂರುತ್ತದೆ. ಅದರ ಹಿಂದೆ ಒಂದು ಕೀಲಿಕೈ ಗೊಂಚಲು. ಇನ್ನೊಂದು ಮಗು ಸದ್ದಾಗದ ಹಾಗೆ ಬಂದು ಅದನ್ನು ಎತ್ತಿಕೊಂಡು ಹೋಗಬೇಕು. ಸದ್ದು ಕೇಳಿಸಿದ ಕಡೆ ಡ್ರ್ಯಾಗನ್ ಬೆರಳು ತೋರಿಸಬೇಕು. ಚಿಕ್ಕ ಹಾಲ್ ಇದಕ್ಕೆ ಇನ್ನೂ ಅನುಕೂಲ. ಅಷ್ಟು ಮಕ್ಕಳೂ ಉಸಿರು ಬಿಗಿಹಿಡಿದು ಕೂರುತ್ತಾರೆ.

ಐದನೆಯದು ನಿಧಿ ಹುಡುಕಾಟ. ಓದು ಬರದ ವಯಸ್ಸಿಗೆ ಸುಳಿವು ಚಿತ್ರದಲ್ಲಿ ಇರಲಿ. ಮೊದಲನೇ ಚಿತ್ರ ಫ್ರಿಜ್, ಅಲ್ಲಿ ಅಂಟಿಸಿದ ಎರಡನೇ ಚಿತ್ರ ಕಿಟಕಿ, ಅಲ್ಲಿಂದ ಚಪ್ಪಲಿ ಸ್ಟ್ಯಾಂಡ್, ಹೀಗೆ ಐದಾರು ಸಾಕು. ಎಲ್ಲರೂ ಒಟ್ಟಿಗೆ ಹುಡುಕಲಿ, ಗುಂಪು ಮಾಡಿ ಪೈಪೋಟಿ ಹಚ್ಚಬೇಡಿ. ಕೊನೆಯ ಸುಳಿವು ಕೇಕ್ ಇಟ್ಟ ಮೇಜಿಗೆ ಕರೆದುಕೊಂಡು ಬರಲಿ.

ಕೇಕ್ ಕೊನೆಯ ಅರ್ಧ ಗಂಟೆಗೆ ಇರಲಿ. ನನ್ನ ಮಗಳ 4ನೇ ಹುಟ್ಟುಹಬ್ಬದಲ್ಲಿ ನಾವು ಕೇಕ್ ಮೊದಲೇ ಕತ್ತರಿಸಿದೆವು. ತಿಂದಾದ ಮೇಲೆ ಮಕ್ಕಳ ಮನಸ್ಸಿನಲ್ಲಿ ಪಾರ್ಟಿ ಮುಗಿದುಹೋಗಿತ್ತು, ನಾನು ಒಂದು ವಾರ ಕೂತು ಮಾಡಿದ ಆಟಗಳೆಲ್ಲ ಪೆಟ್ಟಿಗೆಯಲ್ಲೇ ಉಳಿದವು. ಇವತ್ತಿಗೂ ನನಗೆ ಅದು ಬೇಜಾರು.

ಮೇಣದಬತ್ತಿ ಹಚ್ಚುವ ಮುಂಚೆ ಒಂದು ಮಾತು. ಪರದೆ ಬಟ್ಟೆಯ, ನೆಟ್ಟಿನ ಉದ್ದ ಗೌನುಗಳು ಬೆಂಕಿ ತಾಗಿದರೆ ಬಹಳ ಬೇಗ ಹೊತ್ತಿಕೊಳ್ಳುತ್ತವೆ. ಕಾಗದದ ಕಿರೀಟವೂ ಹಾಗೇ. ಮಗುವಿನ ಕೂದಲು ಹಿಂದಕ್ಕೆ ಕಟ್ಟಿ, ತೋಳು ಮಡಚಿ, ಬೆನ್ನಿನ ರೆಕ್ಕೆಯೋ ಹೊದಿಕೆಯೋ ಇದ್ದರೆ ತೆಗೆದು, ಪಕ್ಕದಲ್ಲಿ ಒಬ್ಬ ದೊಡ್ಡವರು ನಿಂತೇ ಇರಬೇಕು. ಬೇರೆ ಮಕ್ಕಳು ಮೇಜಿನಿಂದ ಒಂದು ಹೆಜ್ಜೆ ಹಿಂದೆ ಇರಲಿ.

ಪ್ರಶ್ನೆ: ಕರೆದವರಲ್ಲಿ ಅರ್ಧಕ್ಕರ್ಧ ಹುಡುಗರು. ರಾಜಕುಮಾರಿ ಅಂದ ತಕ್ಷಣ ಅವರು ಮೂಲೆ ಸೇರುತ್ತಾರೇನೋ ಅಂತ ಭಯ. ಅವರಿಗೆ ಬೇರೆ ಆಟ ಇಡಬೇಕಾ?

ಉತ್ತರ: ಬೇಡ. ಬೇರೆ ಇಟ್ಟರೆ ಎರಡು ಪಾರ್ಟಿ ಆಗುತ್ತದೆ, ಮಕ್ಕಳು ಹೇಳದೇ ಇದ್ದರೂ ಅದನ್ನು ಗಮನಿಸುತ್ತಾರೆ. ನಿಮ್ಮ ಪಾರ್ಟಿಯ ಹೆಸರನ್ನು ಕೊಂಚ ಅಗಲ ಮಾಡಿ. ಆಹ್ವಾನದಲ್ಲಿ "ಅರಮನೆಗೆ ಬನ್ನಿ" ಅಂತ ಬರೆಯಿರಿ ಸಾಕು. ಅರಮನೆಯಲ್ಲಿ ರಾಜಕುಮಾರಿ ಇರುತ್ತಾಳೆ, ಕಾವಲುಗಾರರು ಇರುತ್ತಾರೆ, ಕುದುರೆ ಸವಾರರು, ಮಾಂತ್ರಿಕರು, ಅಡುಗೆಯವರು, ಡ್ರ್ಯಾಗನ್ ಎಲ್ಲರೂ ಇರುತ್ತಾರೆ. ಯಾರು ಏನಾಗಬೇಕು ಅಂತ ಅವರವರೇ ಆರಿಸಿಕೊಳ್ಳಲಿ. ಹುಡುಗಿಗೆ ಕಾವಲುಗಾರ ಆಗಬೇಕು ಅನ್ನಿಸಬಹುದು, ಹುಡುಗನಿಗೆ ಮಿನುಗುವ ಕಿರೀಟ ಬೇಕು ಅನ್ನಿಸಬಹುದು. ಎರಡಕ್ಕೂ "ಹಾಗಲ್ಲ ಮರಿ" ಅನ್ನಬೇಡಿ.

ಇವರಿಗೆಲ್ಲ ಒಟ್ಟಿಗೆ ಹಿಡಿಸುವ ಕೆಲಸ ಅಂದರೆ ಕೋಟೆ ಕಟ್ಟುವುದು. ಫ್ರಿಜ್ಜಿನದೋ ವಾಷಿಂಗ್ ಮಷಿನ್ನಿನದೋ ದೊಡ್ಡ ರಟ್ಟಿನ ಪೆಟ್ಟಿಗೆ ಯಾರ ಮನೆಯಲ್ಲಾದರೂ ಇದ್ದರೆ ಕೇಳಿ ತನ್ನಿ. ಮೇಲಿನ ಅಂಚನ್ನು ಒಂದು ಬಿಟ್ಟು ಒಂದು ಚೌಕ ಕತ್ತರಿಸಿದರೆ ಕೋಟೆಯ ತೆನೆ ಆಯಿತು. ಮುಂದಿನ ಬಾಗಿಲನ್ನು ಎರಡು ಪಕ್ಕ ಮತ್ತು ಮೇಲ್ಗಡೆ ಮಾತ್ರ ಕೊಯ್ದು, ಕೆಳಗಡೆ ಹಾಗೇ ಬಿಟ್ಟರೆ ಅದು ಹೊರಕ್ಕೆ ಬಿದ್ದು ಸೇತುವೆ ಆಗುತ್ತದೆ. ಬ್ಲೇಡಿನ ಕೆಲಸ ಹಿಂದಿನ ದಿನವೇ ನೀವು ಮುಗಿಸಿ. ಮಕ್ಕಳಿಗೆ ಕ್ರೇಯಾನ್ ಕೊಟ್ಟು ಕಲ್ಲು, ಬಳ್ಳಿ, ಕಿಟಕಿ ಬರೆಯಲು ಬಿಡಿ. ಪೆಟ್ಟಿಗೆಯ ಒಳಗೆ ಇಬ್ಬರು, ಹೊರಗೆ ನಾಲ್ವರು, ಅರ್ಧ ಗಂಟೆ ಯಾರ ಸದ್ದೂ ಕೇಳುವುದಿಲ್ಲ.

ಚಪ್ಪಲಿ ಆಟವೂ ಇವರಿಗೆ ಚೆನ್ನಾಗಿ ಒಗ್ಗುತ್ತದೆ. ಎಲ್ಲರ ಒಂದೊಂದು ಕಾಲಿನ ಚಪ್ಪಲಿ, ಶೂಗಳನ್ನು ಒಂದು ಕಡೆ ಗುಡ್ಡೆ ಹಾಕಿ ಕಲಸಿಬಿಡಿ. ಒಬ್ಬೊಬ್ಬರೂ ಒಂದನ್ನು ಎತ್ತಿಕೊಂಡು ಅದು ಯಾರದ್ದು ಅಂತ ಹುಡುಕಿ ಅವರ ಕಾಲಿಗೆ ಹಾಕಬೇಕು. ಗಾಜಿನ ಚಪ್ಪಲಿಯ ಹುಡುಗಿಯ ಕಥೆ ಎಲ್ಲ ಮಕ್ಕಳಿಗೂ ಗೊತ್ತಿರುತ್ತದೆ, ಬೇರೆ ವಿವರಣೆ ಬೇಕಾಗುವುದಿಲ್ಲ.

ಪ್ರಶ್ನೆ: ಎಲ್ಲರೂ ರಾಜಕುಮಾರಿ ಡ್ರೆಸ್ ಹಾಕಿಕೊಂಡು ಬನ್ನಿ ಅಂತ ಬರೆಯೋಣ ಅಂತಿದ್ದೆವು. ಒಬ್ಬಳ ತಾಯಿ ಮೆಲ್ಲಗೆ, "ನಮ್ಮಲ್ಲಿ ಅಂಥದ್ದು ಇಲ್ಲ, ನಾವು ಬರದೇ ಇದ್ದರೆ ಬೇಜಾರಿಲ್ಲ ತಾನೇ" ಅಂದರು. ನನಗೆ ಆಗಿನಿಂದ ಸಂಕಟ.

ಉತ್ತರ: ಆ ತಾಯಿ ಬಾಯಿಬಿಟ್ಟು ಹೇಳಿದರು. ಹೇಳದೇ ಸುಮ್ನೆ ಇದ್ದುಬಿಡುವವರು ಇನ್ನೂ ಒಬ್ಬಿಬ್ಬರು ಇರುತ್ತಾರೆ. ದಯವಿಟ್ಟು ಆ ಸಾಲು ತೆಗೆದುಹಾಕಿ. "ಓಡಾಡಲು ಆರಾಮಾದ ಬಟ್ಟೆ ಹಾಕಿಕೊಂಡು ಬನ್ನಿ, ಅರಮನೆಯ ಉಡುಗೆ ಇಲ್ಲಿಯೇ ಸಿಗುತ್ತದೆ" ಅಂತ ಬರೆಯಿರಿ. ಇವತ್ತೇ ಆ ತಾಯಿಗೆ ಫೋನ್ ಮಾಡಿ, ಡ್ರೆಸ್ ವಿಷಯ ಕೈಬಿಟ್ಟಿದ್ದೇವೆ, ನಿಮ್ಮ ಮಗಳು ಬರಲೇಬೇಕು ಅಂತ ಹೇಳಿ.

ಇಲ್ಲಿ ಸಿಗುವ ಉಡುಗೆ ಅಂದರೆ ಒಂದು ಹೊದಿಕೆ, ಬೆನ್ನ ಮೇಲೆ ಇಳಿಬಿಡುವಂಥದ್ದು. ಹಳೆಯ ದುಪ್ಪಟ್ಟಾ, ಪರದೆ, ಮೆತ್ತನೆಯ ಬೆಡ್‌ಶೀಟ್ ಏನಾದರೂ ಆಗುತ್ತದೆ. ಐದಾರು ವರ್ಷದವರಿಗೆ 60 ಸೆಂ.ಮೀ. ಉದ್ದ ಸಾಕು, ಕಾಲಿಗೆ ತೊಡರುವುದಿಲ್ಲ. ಕುತ್ತಿಗೆಗೆ ದಾರ ಅಥವಾ ಲಾಡಿ ಕಟ್ಟಲೇಬೇಡಿ. ಓಡುವಾಗ ಬಾಗಿಲ ಚಿಲಕಕ್ಕೋ ಇನ್ನೊಬ್ಬರ ಕೈಗೋ ಸಿಕ್ಕಿಕೊಂಡರೆ ಕುತ್ತಿಗೆ ಬಿಗಿಯುತ್ತದೆ. ಒಂದು ತುಂಡು ವೆಲ್‌ಕ್ರೋ ಹಚ್ಚಿದರೆ ಎಳೆದ ಕೂಡಲೇ ಬಿಚ್ಚಿಕೊಳ್ಳುತ್ತದೆ. ಹೊದಿಕೆ ಮತ್ತು ಕಿರೀಟವನ್ನು ಮಕ್ಕಳು ಮನೆಗೆ ತೆಗೆದುಕೊಂಡು ಹೋಗಲಿ, ಬೇರೆ ರಿಟರ್ನ್ ಗಿಫ್ಟ್ ಹುಡುಕುವ ಕೆಲಸವೂ ಉಳಿಯಿತು.

ನಿಮ್ಮ ಮಗಳು ದೊಡ್ಡ ಗೌನ್ ಹಾಕಿಕೊಳ್ಳಲಿ, ಅದು ಅವಳ ದಿನ. ಒಳಗೆ ಒಂದು ಹತ್ತಿಯ ಶರ್ಟು ಚಡ್ಡಿ ಇರಲಿ. ಅರ್ಧ ಗಂಟೆಯಲ್ಲಿ ಚುಚ್ಚುತ್ತದೆ ಅಂತ ಬಿಚ್ಚುವವರೇ ಜಾಸ್ತಿ.

ಪ್ರಶ್ನೆ: ಕಳೆದ ವರ್ಷ ಮ್ಯೂಸಿಕಲ್ ಚೇರ್ ಆಡಿಸಿದೆವು, ಔಟ್ ಆದವರೆಲ್ಲ ಅತ್ತರು. ಹುಟ್ಟುಹಬ್ಬದ ಹುಡುಗಿಯೇ ಎರಡನೇ ಸುತ್ತಿಗೆ ಔಟ್. ಎಲ್ಲರಿಗೂ ಬಹುಮಾನ ಕೊಟ್ಟರೆ ಸರಿಹೋಗುತ್ತದಾ?

ಉತ್ತರ: ಬಹುಮಾನದಿಂದ ಸರಿಹೋಗುವುದಿಲ್ಲ. ಅವರು ಅತ್ತಿದ್ದು ಆಟದಿಂದ ಹೊರಗೆ ಹೋಗಬೇಕಾಯಿತಲ್ಲ ಅಂತ. ಬೇಗ ಔಟ್ ಆದ ಮಗು ಉಳಿದ ಆಟ ಪೂರ್ತಿ ಗೋಡೆಗೆ ಒರಗಿ ನಿಲ್ಲಬೇಕು, ಮತ್ತೆ ಬೇಗ ಔಟ್ ಆಗುವವರು ಸಾಮಾನ್ಯವಾಗಿ ಚಿಕ್ಕವರು, ಮೆತ್ತನೆಯವರು.

ಅದೇ ಆಟವನ್ನು ತಿರುಗಿಸಿ ಆಡಿಸಿ. ಕುರ್ಚಿ ಬದಲು ನೆಲಕ್ಕೆ ಚಾಪೆ ಅಥವಾ ದಿಂಬು ಹಾಕಿ, ಅವು ರಾಜ್ಯಗಳು. ಹಾಡು ನಿಂತಾಗ ಎಲ್ಲರೂ ಯಾವುದಾದರೂ ರಾಜ್ಯದಲ್ಲಿ ನಿಂತಿರಬೇಕು. ಪ್ರತಿ ಸುತ್ತಿಗೆ ಒಂದು ದಿಂಬು ತೆಗೆಯಿರಿ, ಮಕ್ಕಳನ್ನು ಮಾತ್ರ ತೆಗೆಯಬೇಡಿ. ಕೊನೆಗೆ ಒಂದೇ ಚಾಪೆಯ ಮೇಲೆ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಲ್ಲಬೇಕಾಗುತ್ತದೆ. ಕುರ್ಚಿ ಇಟ್ಟು ಇದನ್ನು ಆಡಿಸಬೇಡಿ, ಉರುಳಿ ಬೀಳುತ್ತಾರೆ.

ಇನ್ನೊಂದು ಆಟಕ್ಕೂ ಸೋಲು ಗೆಲುವು ಇಲ್ಲ. ಹಾಸಿಗೆಗಳ ಕೆಳಗೆ ಇಟ್ಟ ಒಂದು ಬಟಾಣಿಕಾಳು ಚುಚ್ಚಿ ನಿದ್ದೆ ಬರಲಿಲ್ಲ ಅಂದ ರಾಜಕುಮಾರಿಯ ಕಥೆ ಇದೆಯಲ್ಲ, ಡೆನ್ಮಾರ್ಕಿನ ಆಂಡರ್ಸನ್ 1835ರಲ್ಲಿ ಪ್ರಕಟಿಸಿದ್ದು. ಮೊದಲು ಆ ಕಥೆ ಹೇಳಿ. ಆಮೇಲೆ ಎರಡು ಮೂರು ದಿಂಬಿನ ಕೆಳಗೆ ಒಂದು ವಸ್ತು ಇಡಿ: ಚೆಂಡು, ಚಮಚ, ಬಾಚಣಿಗೆ, ಆಟಿಕೆ ಕಾರು. ಮಗು ಅದರ ಮೇಲೆ ಕೂತು ಏನಿರಬಹುದು ಅಂತ ಹೇಳಬೇಕು. ಗೊತ್ತಾಗದಿದ್ದರೆ ಒಂದು ದಿಂಬು ತೆಗೆಯಿರಿ. ಇನ್ನೂ ಗೊತ್ತಾಗದಿದ್ದರೆ ಸುತ್ತ ಕೂತವರು ಸುಳಿವು ಕೊಡಲಿ.

ಪ್ರಶ್ನೆ: ಮೊಮ್ಮಗಳಿಗೆ 6 ತುಂಬುತ್ತದೆ. ಬಹಳ ನಾಚಿಕೆಯ ಮಗು. ಕಳೆದ ಸಲ ಹ್ಯಾಪಿ ಬರ್ತ್‌ಡೇ ಹಾಡು ಶುರುವಾದ ಕೂಡಲೇ ಮೇಜಿನ ಕೆಳಗೆ ನುಗ್ಗಿದಳು, ಬಲೂನು ಒಡೆದಾಗ ಕಿವಿ ಮುಚ್ಚಿ ಅತ್ತಳು. ಈ ಸಲ ಅವಳೇ ರಾಜಕುಮಾರಿ ಪಾರ್ಟಿ ಕೇಳಿದ್ದಾಳೆ. ಮಗ ಸೊಸೆ, ಅಭ್ಯಾಸ ಆಗಲಿ ಬಿಡಿ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಅಮ್ಮಾ, ನಿಮ್ಮ ಮನಸ್ಸು ಹೇಳುತ್ತಿರುವುದನ್ನೇ ನಾನೂ ಹೇಳುತ್ತೇನೆ. ಹೆದರಿದ ಮಗುವನ್ನು ಎಲ್ಲರೆದುರು ಎಳೆದು ನಿಲ್ಲಿಸಿದರೆ ಅದಕ್ಕೆ ಅಭ್ಯಾಸ ಆಗುವುದಿಲ್ಲ, ಹುಟ್ಟುಹಬ್ಬ ಅಂದರೇ ಭಯ ಹುಟ್ಟುತ್ತದೆ. ಅವಳು ತಾನಾಗಿ ಪಾರ್ಟಿ ಕೇಳಿದ್ದಾಳೆ ಅಂದರೆ ಅವಳಿಗೆ ಜನ ಬೇಕು, ಗದ್ದಲ ಬೇಡ, ಅಷ್ಟೇ.

ಕರೆಯುವವರ ಸಂಖ್ಯೆ ಕಡಿಮೆ ಮಾಡಿ. ಮಗುವಿನ ವಯಸ್ಸಿಗಿಂತ ಒಂದು ಜಾಸ್ತಿ ಅಂತ ಒಂದು ರೂಢಿಯ ಲೆಕ್ಕ ಇದೆ, 6 ವರ್ಷಕ್ಕೆ 7 ಜನ. ನಿಮ್ಮ ಮೊಮ್ಮಗಳಿಗೆ ನಾಲ್ವರೇ ಸಾಕಾದರೂ ಸಾಕು, ಯಾರು ಅಂತ ಅವಳನ್ನೇ ಕೇಳಿ. ಅವರಲ್ಲಿ ಅವಳಿಗೆ ತುಂಬಾ ಹತ್ತಿರದ ಒಬ್ಬಳನ್ನು ಅರ್ಧ ಗಂಟೆ ಮುಂಚೆ ಕರೆಸಿಕೊಳ್ಳಿ. ತುಂಬಿದ ಕೋಣೆಗೆ ಒಳಗೆ ಬರುವುದು ಕಷ್ಟ, ಖಾಲಿ ಕೋಣೆ ನಿಧಾನವಾಗಿ ತುಂಬುವುದನ್ನು ನೋಡುವುದು ಸುಲಭ.

ಅವಳಿಗೆ ಒಂದು ಕೆಲಸ ಕೊಡಿ. ಬಂದವರಿಗೆಲ್ಲ ಕಿರೀಟ ತೊಡಿಸುವುದು ಅವಳ ಕೆಲಸ ಆಗಲಿ. ನಾಚಿಕೆಯ ಮಕ್ಕಳಿಗೆ ಕೈಯಲ್ಲಿ ಕೆಲಸ ಇದ್ದರೆ ಮಾತಾಡಬೇಕಾದ ಭಾರ ಇಳಿಯುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ಎರಡು ಕುರ್ಚಿ ಮೇಲೆ ಬಟ್ಟೆ ಹೊದಿಸಿ ಪುಟ್ಟ ಗುಡಾರ ಮಾಡಿ, ಒಳಗೆ ದಿಂಬು, ಒಂದೆರಡು ಚಿತ್ರದ ಪುಸ್ತಕ. ಅದು ರಾಜಕುಮಾರಿಯ ಗುಟ್ಟಿನ ಕೋಣೆ. ಬೇಕಾದಾಗ ಅವಳು ಒಳಗೆ ಹೋಗಬಹುದು, ಯಾರೂ ಯಾಕೆ ಅಂತ ಕೇಳಬಾರದು. ಆ ಮೇಜಿನ ಕೆಳಗೆ ಅವಳು ಹುಡುಕಿಕೊಂಡು ಹೋಗಿದ್ದು ಇದನ್ನೇ ಅಲ್ವಾ?

ಹಾಡಿನ ವಿಷಯ ಮೊದಲೇ ಅವಳ ಹತ್ತಿರ ಮಾತಾಡಿ. ಪಿಸುಮಾತಿನಲ್ಲಿ ಹಾಡಬಹುದು. ಪುಟ್ಟ ಮಕ್ಕಳಿಗೆ ಪಿಸುಮಾತಿನ ಹಾಡು ಒಂದು ಆಟವೇ ಆಗಿಬಿಡುತ್ತದೆ. ಅವಳು ನಿಮ್ಮ ತೊಡೆಯ ಮೇಲೆ ಕೂತು ಕೇಕ್ ಕತ್ತರಿಸಲಿ. ಫೋಟೋಗೆ ನಗು ಅಂತ ಯಾರೂ ಒತ್ತಾಯ ಮಾಡದ ಹಾಗೆ ನೀವು ನೋಡಿಕೊಳ್ಳಿ.

ಬಲೂನು ಬಿಟ್ಟುಬಿಡಿ. ಸದ್ದಿನ ಭಯ ಒಂದು ಕಾರಣ. ಇನ್ನೊಂದು, ಊದದ ಬಲೂನು ಮತ್ತು ಒಡೆದ ಬಲೂನಿನ ಚೂರು 8 ವರ್ಷದೊಳಗಿನ ಮಕ್ಕಳ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟಿಸುತ್ತದೆ, ಬಲೂನಿನ ಪೊಟ್ಟಣದ ಮೇಲೆಯೇ ಈ ಎಚ್ಚರಿಕೆ ಇರುತ್ತದೆ. ಬಣ್ಣದ ಕಾಗದದ ತೋರಣ ಚೆನ್ನಾಗಿ ಕಾಣುತ್ತದೆ, ಮಕ್ಕಳ ಕೈಯಲ್ಲೇ ಮಾಡಿಸಲೂಬಹುದು.

ಪ್ರಶ್ನೆ: ಮುಖಕ್ಕೆ ಬಣ್ಣ, ಮಿನುಗು, ಲೈಟ್ ಹೊತ್ತುವ ಮಂತ್ರದಂಡ, ಇವೆಲ್ಲ ಇಡಬಹುದಾ?

ಉತ್ತರ: ಮುಖದ ಬಣ್ಣ ಇಡಬಹುದು, ಮುಖಕ್ಕೆಂದೇ ಮಾಡಿದ, ನೀರಿನಲ್ಲಿ ತೊಳೆದುಹೋಗುವ ಬಣ್ಣ ಆಗಿರಬೇಕು. ಚಿತ್ರ ಬರೆಯುವ ಬಣ್ಣ ವಿಷವಲ್ಲ ಅಂತ ಬರೆದಿದ್ದರೂ ಚರ್ಮಕ್ಕೆ ಹಚ್ಚುವಂಥದ್ದಲ್ಲ. ಹಿಂದಿನ ದಿನ ನಿಮ್ಮ ಮಗುವಿನ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ 24 ಗಂಟೆ ನೋಡಿ. ಬೇರೆ ಮಕ್ಕಳಿಗೆ ಅವರ ತಂದೆ ತಾಯಿಯನ್ನು ಕೇಳಿಯೇ ಹಚ್ಚಿ, ಕೆನ್ನೆಗೆ ಅಥವಾ ಕೈಗೆ ಸಾಕು, ಕಣ್ಣಿನ ಹತ್ತಿರ ಬೇಡ.

ಕರಕುಶಲ ಕೆಲಸದ ಗ್ಲಿಟರ್ ಪುಡಿಯನ್ನು ಮುಖಕ್ಕೆ ಹಚ್ಚಲೇಬಾರದು. ಅದರ ಅಂಚು ಚೂಪು, ಕಣ್ಣಿಗೆ ಹೋಗಿ ಉಜ್ಜಿಕೊಂಡರೆ ಕಣ್ಣಿನ ಪಾಪೆಯ ಮೇಲೆ ಗೀರಾಗುತ್ತದೆ. ಹೊಳೆಯುವ ನಕ್ಷತ್ರದ ಸ್ಟಿಕರ್ ಹಚ್ಚಿದರೆ ಅವರಿಗೆ ಅಷ್ಟೇ ಖುಷಿ.

ಲೈಟಿನ ಮಂತ್ರದಂಡದ ಬಗ್ಗೆ ನಾನು ಬಹಳ ಗಟ್ಟಿಯಾಗಿ ಹೇಳಬೇಕು. ಅಗ್ಗದ ಮಿನುಗುವ ಕಿರೀಟ, ದಂಡ, ಉಂಗುರಗಳಲ್ಲಿ ಗುಂಡಿಯಂಥ ಪುಟ್ಟ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು. ನುಂಗಿದ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು, ವಾಂತಿ ಮಾಡಿಸಬಾರದು. ಸ್ಕ್ರೂ ಹಾಕಿದ ಮುಚ್ಚಳ ಇಲ್ಲದ ಆಟಿಕೆಯನ್ನು ಮನೆಗೇ ತರಬೇಡಿ. ಹಳೆಯ ಪೇಪರನ್ನು ಮೂಲೆಯಿಂದ ಓರೆಯಾಗಿ ಬಿಗಿದು ಸುರುಳಿ ಸುತ್ತಿ, ತುದಿಗೆ ರಟ್ಟಿನ ನಕ್ಷತ್ರ ಅಂಟಿಸಿ. 30 ಸೆಂ.ಮೀ. ಉದ್ದದ ದಂಡ ಆಯಿತು, ಬ್ಯಾಟರಿಯ ಭಯ ಇಲ್ಲ.

ಪ್ರಶ್ನೆ: ಬರುವ ಮಕ್ಕಳಲ್ಲಿ ಒಬ್ಬ ವೀಲ್‌ಚೇರಿನಲ್ಲಿ ಇರುತ್ತಾನೆ. ಜೊತೆಗೆ ಎರಡು ವರ್ಷದ ಕೂಸಿನಿಂದ ಹತ್ತು ವರ್ಷದ ಅಕ್ಕನವರೆಗೆ ಎಲ್ಲ ವಯಸ್ಸಿನವರೂ ಇದ್ದಾರೆ. ಒಂದೇ ಆಟ ಎಲ್ಲರಿಗೂ ಹೇಗೆ ಹೊಂದುತ್ತದೆ?

ಉತ್ತರ: ಆ ಹುಡುಗನ ಮನೆಯವರಿಗೆ ಒಂದು ಫೋನ್ ಮಾಡಿ. ನಿಮ್ಮ ಆಟಗಳ ಪಟ್ಟಿ ಓದಿ ಹೇಳಿ, ಯಾವುದು ಹೇಗೆ ಮಾಡಿದರೆ ಅನುಕೂಲ ಅಂತ ಕೇಳಿ. ಅವನನ್ನೂ ಕೇಳಿ, ಮಕ್ಕಳು ನಮಗಿಂತ ಚೆನ್ನಾಗಿ ಹೇಳುತ್ತಾರೆ. ಕಲ್ಲಿನ ಗೊಂಬೆ, ರಾಜಾಜ್ಞೆ ಇದ್ದ ಹಾಗೇ ನಡೆಯುತ್ತವೆ. ಡ್ರ್ಯಾಗನ್ ಆಟದಲ್ಲಿ ಕೀಲಿ ಗೊಂಚಲು ನೆಲದ ಬದಲು ಸ್ಟೂಲಿನ ಮೇಲೆ ಇರಲಿ. ನಿಧಿಯ ಸುಳಿವುಗಳನ್ನು ಕೂತವರ ಕೈಗೆ ಎಟಕುವ ಎತ್ತರದಲ್ಲಿ ಅಂಟಿಸಿ, ದಾರಿಯಲ್ಲಿ ಚಾಪೆ, ವೈರು ಇರದಿರಲಿ. ಕಿರೀಟದ ಮೇಜಿನ ಕೆಳಗೆ ಗಾಲಿ ಹೋಗುವ ಜಾಗ ಇದೆಯಾ ನೋಡಿ. ಅವನ ಕುರ್ಚಿಯನ್ನು ರಥದ ಹಾಗೆ ಸಿಂಗರಿಸುವ ಆಸೆ ನಿಮಗಾಗಬಹುದು. ಅವನು ಹೂಂ ಅಂದರೆ ಮಾತ್ರ.

ವಯಸ್ಸಿನ ವಿಷಯಕ್ಕೆ ಬಂದರೆ, ದೊಡ್ಡ ಮಕ್ಕಳನ್ನು ಆಡುವವರ ಸಾಲಿನಿಂದ ಎತ್ತಿ ಆಡಿಸುವವರ ಸಾಲಿಗೆ ಹಾಕಿ. ಒಂದು ಗಂಟೆ ಮುಂಚೆ ಬರಲು ಹೇಳಿ ಸುಳಿವುಗಳನ್ನು ಅವರ ಕೈಲೇ ಮಾಡಿಸಿ. ಬಿಳಿ ಹಾಳೆಯ ಮೇಲೆ ಬಿಳಿ ಕ್ರೇಯಾನಿನಲ್ಲಿ ಬರೆದರೆ ಏನೂ ಕಾಣುವುದಿಲ್ಲ, ಮೇಲೆ ನೀರು ಬಣ್ಣ ಸವರಿದರೆ ಮೇಣದ ಅಕ್ಷರ ಎದ್ದು ಬರುತ್ತದೆ. ತಿರುಗುಮುರುಗಾಗಿ ಬರೆದ ಸಾಲನ್ನು ಮಾಯಾಕನ್ನಡಿಯಲ್ಲಿ ಹಿಡಿದು ಓದುವುದು ಇನ್ನೊಂದು. ದೊಡ್ಡವರು ಅದನ್ನು ಓದಿ ಹೇಳಲಿ, ಚಿಕ್ಕವರು ಓಡಿ ಹುಡುಕಲಿ.

ಎರಡು ವರ್ಷದ ಕೂಸು ಇರುವ ಕಡೆ ಮಣಿ ಪೋಣಿಸುವ ಕೆಲಸ ಇಡಬೇಡಿ. 3 ವರ್ಷದೊಳಗಿನವರಿಗೆ ಸುಮಾರು 3 ಸೆಂ.ಮೀ.ಗಿಂತ ಚಿಕ್ಕ ವಸ್ತು ಏನಿದ್ದರೂ ಬಾಯಿಗೆ ಹೋಗಿ ಗಂಟಲಿಗೆ ಸಿಗಬಹುದು. ಉದುರಿದ ಒಂದು ಮುತ್ತು ಸಾಕು.

ಪ್ರಶ್ನೆ: ನನಗೆ ಈ ರಾಜಕುಮಾರಿ ಗೀಳೇ ಇಷ್ಟ ಇಲ್ಲ. ಗುಲಾಬಿ ಬಣ್ಣ, ಗೌನು, ಯಾರೋ ಬಂದು ಕಾಪಾಡುತ್ತಾರೆ ಅಂತ ಕಾಯುವುದು. ಮಗಳ ಹತ್ತಿರ ಬೇರೆ ಏನಾದರೂ ಇಟ್ಟುಕೊಳ್ಳೋಣ ಅಂದೆ. ಅವಳು, "ಆಯ್ತು, ರಾಜಕುಮಾರಿ ಪಾರ್ಟಿಯಲ್ಲಿ ನಾನು ಡ್ರ್ಯಾಗನ್ ಆಗ್ತೀನಿ" ಅಂದಳು. ಈಗ ನಾನು ಏನು ಮಾಡಲಿ?

ಉತ್ತರ: ಅವಳಿಗೆ ಒಂದು ಬಾಲ ಮಾಡಿಕೊಡಿ! ನಿಮ್ಮ ಮಗಳು ದಾರಿಯನ್ನು ತಾನೇ ಹುಡುಕಿಕೊಂಡಿದ್ದಾಳೆ.

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅವಳು ಇಷ್ಟಪಟ್ಟಿದ್ದನ್ನು ತೆಗೆದು ಹಾಕುವ ಬದಲು ಅದರೊಳಗೆ ಒಳ್ಳೆಯ ಕಥೆ ತುಂಬಬಹುದು. ಕೇಕ್ ಆದ ಮೇಲೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿ ನಿಜವಾದ ರಾಜಕುಮಾರಿಯರ ಕಥೆ ಹೇಳಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಮೆಸಪೊಟೇಮಿಯಾದಲ್ಲಿ ಸಾರ್ಗಾನ್ ಅನ್ನುವ ದೊರೆಯ ಮಗಳು ಎನ್ಹೆಡುವನ್ನಾ ಇದ್ದಳು. ಅವಳು ಊರ್ ನಗರದ ದೇವಾಲಯದ ಮುಖ್ಯ ಅರ್ಚಕಿ, ಸ್ತೋತ್ರಗಳ ಕವಿ. ಜಗತ್ತಿನಲ್ಲಿ ನಮಗೆ ಹೆಸರು ತಿಳಿದಿರುವ ಮೊದಲ ಲೇಖಕಿ ಅಂತ ಅವಳನ್ನೇ ಕರೆಯುತ್ತಾರೆ. ಬ್ರಿಟನ್ನಿನ ಎಲಿಜಬೆತ್ ಇನ್ನೂ ರಾಜಕುಮಾರಿಯಾಗಿದ್ದಾಗ, 1945ರಲ್ಲಿ, ಸೇನೆಯ ಮಹಿಳಾ ದಳ ಸೇರಿ ಲಾರಿ ಓಡಿಸುವುದನ್ನೂ ಎಂಜಿನ್ ರಿಪೇರಿ ಮಾಡುವುದನ್ನೂ ಕಲಿತಳು. ಅವಳ ಮಗಳು ಆ್ಯನ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿ ಸ್ಪರ್ಧೆಗೆ ಇಳಿದಳು. ಟೈರು ಬಿಚ್ಚುವ ರಾಜಕುಮಾರಿ ಅಂದರೆ ಮಕ್ಕಳ ಕಣ್ಣು ಎಷ್ಟು ಅಗಲ ಆಗುತ್ತದೆ ನೋಡಿ. ಆಮೇಲೆ ಎಲ್ಲರೂ ಸೇರಿ ಒಂದು ಹೊಸ ಕಥೆ ಕಟ್ಟಲಿ, ಒಬ್ಬೊಬ್ಬರೂ ಒಂದೊಂದು ಸಾಲು. "ಒಂದೂರಲ್ಲಿ ಒಂದು ಡ್ರ್ಯಾಗನ್ ಇತ್ತು" ಅಂತ ನಿಮ್ಮ ಮಗಳೇ ಶುರು ಮಾಡಲಿ.

ಬಾಲಕ್ಕೆ ಹಳೆಯ ಹಸಿರು ಲೆಗ್ಗಿಂಗ್ಸ್ ಇದ್ದರೆ ಒಂದು ಕಾಲು ಕತ್ತರಿಸಿ. ಪಾದದ ಕಡೆಯ ತುದಿ ಹೊಲಿದು, ಒಳಗೆ ಚಿಂದಿ ಬಟ್ಟೆ ತುಂಬಿ, ಬೆನ್ನಿನ ಉದ್ದಕ್ಕೆ ರಟ್ಟಿನ ತ್ರಿಕೋನ ಹೊಲಿಯಿರಿ. ಅಗಲದ ತುದಿಯನ್ನು ಸೊಂಟದ ಎಲಾಸ್ಟಿಕ್ಕಿಗೆ ಹಚ್ಚಿ, ಮೊಣಕಾಲಿಗಿಂತ ಕೆಳಗೆ ಬಾರದ ಹಾಗೆ ನೋಡಿಕೊಳ್ಳಿ, ಬೇರೆಯವರು ತುಳಿಯುತ್ತಾರೆ. ಕಿರೀಟ ಅವಳಿಗೂ ಒಂದು ಇರಲಿ, ಬಾಲ ಇದ್ದರೆ ಕಿರೀಟ ಹಾಕಬಾರದು ಅಂತ ಏನಿಲ್ಲ.